ಕುಂಟದ ಕರೆ

ಉಮೆಜುವಿನ ಎರಡನೇ ಬೆರಳು ಮುರಿದ ಸದ್ದು ನನಗೆ ಕೇಳಿಸಲಿಲ್ಲ.

ಗುಡಾರದ ಹೊರಗೆ ನೂರಾರು ಗಾಡಿಗಳು ಒಟ್ಟಿಗೆ ಗುಡುಗುತ್ತಿದ್ದವು. ಅವನ ಬಾಯಿ ತೆರೆದದ್ದು ಕಂಡಿತು, ಕತ್ತಿನ ನರ ಉಬ್ಬಿದ್ದು ಕಂಡಿತು, ಕಿರುಚಿದ್ದು ಮಾತ್ರ ಕೇಳಲಿಲ್ಲ. ಒಬ್ಬನನ್ನು ಚಚ್ಚಿ ಹಾಕುವುದಕ್ಕೆ ಬೈಕ್ ಮೇಳಕ್ಕಿಂತ ಒಳ್ಳೆಯ ಜಾಗ ಬೇಕೆ? ಆಚೆ ಇಸೊನೊ ಬಂದರಿನ ಮೀನು ಮಾರುಕಟ್ಟೆ ಅಂಗಳದಲ್ಲಿ ಜನ ಚಿತ್ರ ಬರೆದ ಬೈಕ್ ಟ್ಯಾಂಕುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಈಚೆ, ಬರೀ ಒಂದು ತಾಡಪಾಲಿನ ಈಚೆ, ದೈಗೊ ಎಂಬ ಗೂಳಿಯಂಥವನು ಉಮೆಜುವಿನ ಎದೆಯ ಮೇಲೆ ಮಂಡಿಯೂರಿ ಕೂತಿದ್ದ. ತೋಕು ಎಂಬ ಇನ್ನೊಬ್ಬ ಅವನ ಎಡಗೈಯನ್ನು ಕಬ್ಬಿಣದ ದಿಮ್ಮಿಯ ಮೇಲೆ ಒತ್ತಿ ಹಿಡಿದಿದ್ದ.

ಸುತ್ತಿಗೆ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದವನು ಹಮಾಗಿರಿ ಬೈಕ್ ಸಂಘದ ಉಪನಾಯಕ ಸಾರುವತಾರಿ. ಹೆಗಲ ಮೇಲೆ ಗಾಡಿಯ ಹಳೇ ಸರಪಳಿ ಇಳಿಬಿಟ್ಟುಕೊಂಡಿದ್ದ, ಟವೆಲ್ಲು ಹಾಕಿಕೊಂಡ ಹಾಗೆ.

ಇವರ ನಾಯಕ ನುಕಗಾ ಟೆಟ್ಸುರೊನ ಹೆಣ ನಿನ್ನೆ ಶನಿವಾರ ರಾತ್ರಿ, ಅಂಗಳದ ಪಕ್ಕದ ರಸ್ತೆ ಸುರಂಗದಾಚೆಯ ಅಲೆ ತಡೆಗೋಡೆಯ ಕೆಳಗೆ ಸಮುದ್ರದಲ್ಲಿ, ತಲೆ ಒಡೆದು ಸಿಕ್ಕಿತ್ತು. ಕೊಂದವನು ಉಮೆಜು ಎಂದು ಇವರೇ ತೀರ್ಪು ಕೊಟ್ಟುಕೊಂಡಿದ್ದರು.

"ಸಾರುವತಾರಿ! ನಿಲ್ಸೋ!"

ಯಾರೂ ತಿರುಗಲಿಲ್ಲ. ಸುತ್ತಿಗೆ ಮತ್ತೆ ಮೇಲೆದ್ದಿತು.

ಗುಡಾರದ ನಡುವೆ ನುಕಗಾನ ಗಾಡಿ ನಿಂತಿತ್ತು. ಕಾಲು ಜಾರಿ ಬಿದ್ದಿದ್ದಾನೆ ಎಂದು ಬರೆದುಕೊಂಡ ಪೊಲೀಸರು ಗಾಡಿಯನ್ನು ಸಂಘದವರ ಕೈಗೇ ಕೊಟ್ಟು ಹೋಗಿದ್ದರು. ಹ್ಯಾಂಡಲಿಗೆ ಬಿಳಿ ಸೇವಂತಿಗೆ ಕಟ್ಟಿ, ಮುಂದೆ ಊದುಬತ್ತಿ ಹಚ್ಚಿ, ಒಂದು ಬಟ್ಟಲು ಸಾಕೆ ಮದ್ಯ ಇಟ್ಟಿದ್ದರು. ನಾನು ನೆಲದ ಮೇಲೆ ಬಿದ್ದಿದ್ದ ದೊಡ್ಡ ಸ್ಪ್ಯಾನರ್ ಎತ್ತಿ ಆ ಗಾಡಿಯ ಹೆಡ್‌ಲೈಟಿಗೆ ಬೀಸಿದೆ.

ಗಾಜು ಚೂರುಚೂರಾಯಿತು. ಮೂವರೂ ತಟ್ಟನೆ ತಿರುಗಿದರು. ಮನುಷ್ಯನ ಬೆರಳು ಪುಡಿಯಾದರೆ ಕಣ್ಣು ಮಿಟುಕಿಸದ ಜನ ಗಾಡಿಯ ದೀಪ ಒಡೆದರೆ ಹೌಹಾರುತ್ತಾರೆ. ಬಿಳಿ ಬೈಕಿನ ಟ್ರಾಫಿಕ್ ಪೊಲೀಸಳಾಗಿ ಅರ್ಧ ಆಯಸ್ಸು ಇವರ ಹಿಂದೆ ಓಡಿದವಳು ನಾನು, ಇಷ್ಟೂ ಗೊತ್ತಿಲ್ಲದಿದ್ದರೆ ಹೇಗೆ?

"ಏಯ್ ಮುದುಕಿ! ನಾಯಕನ ಗಾಡಿಗೆ ಕೈ ಹಚ್ತೀಯಾ?"

ದೈಗೊ ಎದ್ದು ಬಂದವನೇ ನನ್ನ ಕೆನ್ನೆಗೆ ಬಾರಿಸಿದ. ಬಾಯಲ್ಲಿ ನೆತ್ತರಿನ ರುಚಿ ಬಂತು. ನಾನು ಸ್ಪ್ಯಾನರನ್ನು ಅವನ ಮಂಡಿಚಿಪ್ಪಿಗೆ ಇಟ್ಟೆ. ಅವನು ಕಾಲು ಹಿಡಿದುಕೊಂಡು ಕುಸಿದ.

"ಮುದುಕಿ ಅಂತೆ. ಲೋ ದೈಗೊ, ನಿನ್ನ ಲೈಸೆನ್ಸ್ ಕಿತ್ಕೊಂಡಾಗ ರಸ್ತೆ ಮಧ್ಯ ಮೂಗು ಸೋರಿಸ್ಕೊಂಡು ಅತ್ತಿದ್ದು ಮರ್ತೋಯ್ತೇನೋ?"

ತೋಕುವಿಗೆ ನಗು ಬಂತು. ಪಾಪ, ತಡೆದುಕೊಂಡ.

ಬಹುಮಾನದ ಘೋಷಣೆಗೆಂದು ಹೊರಗಿನ ಇಂಜಿನ್ನುಗಳು ಆರಿದವು. ಸಾರುವತಾರಿ ಸುತ್ತಿಗೆ ಕೆಳಗಿಟ್ಟು, ಕೈ ಒರೆಸಿಕೊಂಡು ಎದ್ದ. ಯಾವಾಗಲೂ ಹಾಗೇ, ಮೆಲ್ಲಗೆ ಮಾತಾಡುತ್ತಾನೆ.

"ತಮಾಯೊ ಅಕ್ಕ, ನೀವೀಗ ಪೊಲೀಸಲ್ಲ. ಗಂಡ ಹೆಂಡ್ತಿ ಜಗಳಕ್ಕೆ ಗುಟ್ಟಾಗಿ ಫೋಟೊ ತೆಗೆಯೋ ಪತ್ತೇದಾರಿ. ಇದು ನಮ್ಮ ಮನೆ ವಿಷಯ. ಹೋಗಿ, ಹೊರಗೆ ಸುಟ್ಟ ಸ್ಕ್ವಿಡ್ ಚೆನ್ನಾಗಿದೆ, ತಿನ್ನಿ."

"ತಿಂದೇ ಬಂದೆ. ನನ್ನ ಕರೆಸ್ಕೊಂಡಿರೋದು ನುಕಗಾ ಮಗಳು. ಅದಕ್ಕಿಂತ ಮನೆಯವರು ಬೇಕಾ?"

"ಹೊನಾಮಿನಾ?" ಅವನ ಮುಖ ಒಂದು ಕ್ಷಣ ಗಂಟಾಯಿತು, ಮತ್ತೆ ಸಡಿಲವಾಯಿತು. "ಪಾಪದ ಹುಡುಗಿ. ಒಂಬತ್ತು ವರ್ಷ ಅಪ್ಪನ ಮುಖ ನೋಡಿರ್ಲಿಲ್ಲ. ಇವತ್ತು ಬೆಳಿಗ್ಗೆ ಬಸ್ಸಿಂದ ಇಳಿದು ನೋಡಿದ್ದು ಹೆಣ. ಅವಳಿಗೋಸ್ಕರಾನೇ ಅಕ್ಕ ನಾವು ಇದನ್ನ ಮಾಡ್ತಿರೋದು."

ನೆಲದಲ್ಲಿದ್ದ ಉಮೆಜು ಬಲಗೈಯನ್ನು ಹೊಟ್ಟೆಯಡಿಗೆ ಬಚ್ಚಿಟ್ಟುಕೊಂಡು ಮುದುಡಿದ್ದ. ಹೊರಗೆ ಬಹುಮಾನದ ಪಟ್ಟಿ ಅಂಟಿಸಿಕೊಂಡು ನಿಂತಿದ್ದ ಟ್ಯಾಂಕುಗಳಲ್ಲಿ ಅರ್ಧ ಅವನದೇ ಕುಂಚದ ಕೆಲಸ. ಚಿಬಾದಿಂದ ಬರುವ ಈ ಒಣಕಲ ಮನುಷ್ಯ ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಕೂದಲೆಳೆಯ ಗೆರೆ ಎಳೆಯುವುದನ್ನು ನಾನೂ ನಿಂತು ನೋಡಿದ್ದೇನೆ. ಆ ಬಲಗೈ ಹೋದರೆ ಅವನ ಬದುಕು ಅಲ್ಲಿಗೆ ಮುಗಿಯಿತು. ಸಾರುವತಾರಿ ಎಡಗೈಯಿಂದ ಶುರು ಮಾಡಿದ್ದು ಅದಕ್ಕೇ. ಬಲಗೈಯನ್ನು ಕೊನೆಗೆ ಇಟ್ಟುಕೊಂಡಿದ್ದ.

"ಅಕ್ಕಾ, ನಾನಲ್ಲ," ಉಮೆಜು ತೊದಲಿದ. ಮುಂದಿನ ಹಲ್ಲು ಎರಡು ಹೋಗಿದ್ದವು. "ನಾನು ಬರೀ ಸಮುದ್ರದ ಕಡೆ ಹೋಗಿ ಕೂತಿದ್ದೆ. ಜಾರಿ ಬಿದ್ದು ಮೊಣಕೈ ತರಚಿತು ಅಷ್ಟೇ."

"ಕೇಳಿದ್ರಾ? ಬರೀ ಕೂತಿದ್ನಂತೆ." ಸಾರುವತಾರಿ ನಕ್ಕ. "ನಿನ್ನೆ ಬೆಳಿಗ್ಗೆ ನಾಯಕ ಎಲ್ರ ಮುಂದೆ ಇವನ ಬಣ್ಣಾನ ಆಡಿಕೊಂಡ. ಇವನು ನಿನ್ನ ಕೊಂದ್ಹಾಕ್ತೀನಿ ಅಂದ. ಸಂಜೆ ಕತ್ತಲಾಗೋಕೆ ಮುಂಚೆ ಗಾಡಿ ಹತ್ತಿ ಸುರಂಗದ ಕಡೆ ಹೋದ. ಬರುವಾಗ ಪ್ಯಾಂಟು ಒದ್ದೆ, ತೋಳಲ್ಲಿ ರಕ್ತ. ಆ ಹೊತ್ತಲ್ಲಿ ಉಳಿದೋರೆಲ್ಲ ಅಂಗಳದಲ್ಲೇ ಇದ್ವಿ. ನಾಯಕ ಆಗಿನ್ನೂ ಬದುಕಿದ್ದ. ಸುರಂಗದಿಂದ ಅವನ ಕರೆ ಬಂತು, ನೀವೂ ಕೇಳಿದ್ರಿ. ಇನ್ಯಾರು ಕೊಲ್ತಾರೆ ಅಕ್ಕ?"

ಹೌದು, ಕೇಳಿದ್ದೆ. ಇಡೀ ಮೇಳ ಕೇಳಿತ್ತು. ಉಮೆಜುವನ್ನು ಹಿಡಿದು ಹಾಕಿದ್ದೇ ಆ ಕರೆ.

ಈ ಹಳೇ ಗಾಡಿಯವರ ಕರೆ ಎಂದರೆ ಅವರ ದನಿ ಇದ್ದ ಹಾಗೆ. ಎಡಗೈಯಲ್ಲಿ ಕ್ಲಚ್ಚು, ಬಲಗೈಯಲ್ಲಿ ಆಕ್ಸಿಲರೇಟರು ಆಡಿಸಿ ಇಂಜಿನ್ನಿನಿಂದ ತಾಳ ಹೊರಡಿಸುತ್ತಾರೆ, ಒಬ್ಬೊಬ್ಬನಿಗೆ ಒಂದೊಂದು. ನುಕಗಾನದು ಮೂರು ಚುರುಕು ಪೆಟ್ಟು, ಎರಡು ಎಳೆತ, ಮತ್ತೆ ಎರಡು ಚುರುಕು. ಅವನಿಗೆ ಇಪ್ಪತ್ತು ತುಂಬಿದ್ದಾಗ ಅದನ್ನು ನನ್ನ ಕಿವಿಯ ಪಕ್ಕದಲ್ಲೇ ಬಾರಿಸಿ, ನಾಲಿಗೆ ಚಾಚಿ, ನನ್ನ ಬಿಳಿ ಬೈಕಿಗೆ ಸಿಗದೆ ಹಾರಿ ಹೋಗುತ್ತಿದ್ದ. ಎಷ್ಟು ಮೈ ಉರಿಯುತ್ತಿತ್ತು ಎಂದರೆ ನಿದ್ದೆಯಲ್ಲೂ ಆ ತಾಳ ಕೇಳುತ್ತಿತ್ತು.

ನಿನ್ನೆ ಸಂಜೆ ಸ್ಕ್ವಿಡ್ ಜಗಿಯುತ್ತ ಅದನ್ನು ಕೇಳಿದಾಗ ನನಗೆ ಸಿಟ್ಟಿನ ಬದಲು ಖುಷಿಯಾಗಿತ್ತು. ಮೈಯಲ್ಲಿ ಹಳೇ ಬಿಸಿ ಏರಿ, ಗಾಡಿ ಹತ್ತಿ ಅಟ್ಟಿಸಿಕೊಂಡು ಹೋಗೋಣ ಅನ್ನಿಸಿತ್ತು. ಯಾಕೆ ಹಾಗನ್ನಿಸಿತು ಎಂಬುದು ಬೆಳಗ್ಗಿನಿಂದ ನನ್ನ ತಲೆ ಕೊರೆಯುತ್ತಿತ್ತು.

"ದೈಗೊ," ಎಂದೆ. "ಎದ್ದು ನಾಯಕನ ಗಾಡಿ ಮೇಲೆ ಕೂತ್ಕೊ. ಅವನ ಕರೆ ಹಾಕು."

ದೈಗೊ ಬೆಚ್ಚಿಬಿದ್ದ. "ಏನ್ ಮಾತಾಡ್ತೀಯಾ? ನಾಯಕನ ಕರೆ ನಾಯಕನಿಗೇ. ಬೇರೆಯವರು ಹಾಕಿದ್ರೆ ಸಂಘದಿಂದ ಹೊರಗೆ."

"ಕುಡಿದಾಗ ಎಲ್ರೂ ಹಾಕಿ ನಗ್ತೀರಲ್ಲ, ಆಗ?"

ಅವನು ಸಾರುವತಾರಿಯ ಮುಖ ನೋಡಿದ.

"ಅಕ್ಕನ ಆಸೆ, ತೀರಿಸೋ," ಎಂದ ಸಾರುವತಾರಿ. "ಆಮೇಲೆ ಬಲಗೈ ಕೆಲಸ ಮುಗಿಸೋಣ."

ದೈಗೊ ಕುಂಟುತ್ತ ಬಂದು, ಗಾಡಿಗೆ ತಲೆಬಾಗಿ, ಹತ್ತಿದ. ಕರೆ ಗುಡಾರ ತುಂಬಿತು. ಮೂರು ಚುರುಕು, ಎರಡು ಎಳೆತ, ಒಂದು ಚುರುಕು, ಆಮೇಲೆ ಒಂದು ತಡವರಿಕೆ, ಆಮೇಲೆ ಕೊನೆಯದು. ಮೆಟ್ಟಿಲಿಳಿಯುವಾಗ ಕೊನೆಯ ಮೆಟ್ಟಿಲು ತಪ್ಪಿದ ಹಾಗೆ.

ಬೆಳಗ್ಗಿನಿಂದ ಕೊರೆಯುತ್ತಿದ್ದದ್ದು ಅದೇ.

"ಕೊನೆಗೆ ಯಾಕೋ ಎಡವಿದೆ?"

"ಎಡವಿಲ್ಲ. ನಾಯಕನ ಕರೆ ಇರೋದೇ ಹಾಗೆ. ಕುಂಟ್ತದೆ."

"ತೋಕು, ನೀನು ಹಾಕು."

ತೋಕು ಹಾಕಿದ. ಅದೂ ಅಲ್ಲೇ ಕುಂಟಿತು. ಇಳಿದು ಬಂದು ಮತ್ತೆ ಉಮೆಜುವಿನ ಎಡಗೈ ಹಿಡಿದುಕೊಂಡ.

"ಸಾರುವತಾರಿ, ನೀನು."

"ಸಾಕು ಅಕ್ಕ ನಾಟಕ."

"ಹೆದರಿಕೆನಾ?"

ಹುಡುಗರು ನೋಡುತ್ತಿದ್ದರು. ಹೆದರಿಕೆ ಎಂದ ಮೇಲೆ ಇವರಲ್ಲಿ ಯಾರೂ ಹಿಂದೆ ಸರಿಯಲಾರರು, ಮಾನ ಹೋಗುತ್ತದೆ. ಅವನು ಗಾಡಿಯೇರಿ ಕರೆ ಹಾಕಿದ. ಮೂವರಲ್ಲಿ ಅವನದೇ ಅಚ್ಚುಕಟ್ಟು. ಕುಂಟಿದ್ದೂ ಅಷ್ಟೇ ಅಚ್ಚುಕಟ್ಟಾಗಿತ್ತು.

"ಇಂಜಿನ್ ಆರಿಸು," ಎಂದು ನಾನು ಫೋನು ತೆಗೆದೆ. "ಈಗ ಇದನ್ನ ಕೇಳಿ. ಸ್ಕ್ವಿಡ್ ಅಂಗಡಿ ಓಮಿತ್ಸು ಅಜ್ಜಿ ನಿನ್ನೆ ಸಂಜೆ ವೇದಿಕೇನ ವೀಡಿಯೊ ಮಾಡಿದ್ಲು. ಅವಳ ಅಂಗಡಿ ಸುರಂಗದ ಬಾಯಲ್ಲೇ ಇರೋದು."

ಪುಟ್ಟ ಪರದೆಯಲ್ಲಿ ವೇದಿಕೆ, ದೂರದಲ್ಲಿ ಮೈಕು ಹಿಡಿದ ಸಾರುವತಾರಿ, ಹಿಂದೆ ಕೆಂಪಾದ ಸಮುದ್ರ. ಹಾಡು ನಿಂತಿತು. ಆಮೇಲೆ ಸುರಂಗದಿಂದ ಕರೆ ಬಂತು. ಮೂರು ಚುರುಕು, ಎರಡು ಎಳೆತ, ಎರಡು ಚುರುಕು. ತಡವರಿಕೆ ಇಲ್ಲ, ಎಡವಿಲ್ಲ. ಕತ್ತರಿಸಿಟ್ಟ ಹಾಗೆ.

ನಾನು ಇನ್ನೊಮ್ಮೆ ಹಾಕಿದೆ. ತೋಕು ಹಿಡಿತ ಸಡಿಲಿಸಿದ್ದನ್ನು ಅವನೇ ಗಮನಿಸಲಿಲ್ಲ. ಉಮೆಜು ಮುರಿದ ಕೈಯನ್ನು ಎದೆಗೆ ಎಳೆದುಕೊಂಡ.

"ಇದು ಕುಂಟ್ತಿಲ್ಲ," ಎಂದ ದೈಗೊ. "ನಿನ್ನೆ ಗದ್ದಲದಲ್ಲಿ ಗೊತ್ತೇ ಆಗ್ಲಿಲ್ಲ."

"ಇಲ್ಲ. ನಿಮ್ಮ ನಾಯಕನ ಎಡಗೈ ನರ ತುಂಡಾಗಿದ್ದು ಯಾವಾಗ?"

"ಎಂಟು ವರ್ಷ ಆಯ್ತು. ಲಾರಿಗೆ ಗುದ್ದಿದಾಗ. ಆಮೇಲೆ ಎರಡು ಬೆರಳು ಮಡಿಸೋಕಾಗ್ತಿರ್ಲಿಲ್ಲ. ಕ್ಲಚ್ಚು ತಡವಾಗೇ ಬಿಡ್ತಿದ್ದ."

"ಹಾಗಾದ್ರೆ ನಿನ್ನೆ ಕರೆ ಹಾಕಿದ್ದು ನುಕಗಾ ಅಲ್ಲ. ಅವನು ಅಷ್ಟು ಹೊತ್ತಿಗಾಗಲೇ ಸತ್ತಿದ್ದ, ಬದುಕಿದಾನೆ ಅಂತ ನಂಬಿಸೋಕೇ ಆ ಕರೆ. ಮಧ್ಯಾಹ್ನ ಊಟದ ಹೊತ್ತಿಂದ ಯಾರಾದ್ರೂ ಅವನನ್ನ ಕಣ್ಣಲ್ಲಿ ನೋಡಿದೀರಾ? ಬರೀ ಕಿವೀಲಿ ಕೇಳಿದೀರಿ. ತಣ್ಣೀರಲ್ಲಿ ಬಿದ್ದ ಹೆಣ, ಸತ್ತ ಹೊತ್ತು ಹೇಳೋಕಾಗಲ್ಲ ಅಂತ ಡಾಕ್ಟರೂ ಕೈ ಚೆಲ್ಲಿದ್ರು. ಊಟದಿಂದ ಸಂಜೆವರೆಗೂ ಉಮೆಜು ಎಲ್ಲಿದ್ದ?"

ಎಲ್ಲರಿಗೂ ಗೊತ್ತಿತ್ತು. ತೀರ್ಪುಗಾರರ ಮೇಜಿನ ಮುಂದೆ ತನ್ನ ಟ್ಯಾಂಕುಗಳ ಪಕ್ಕ ಗೊಂಬೆಯಂತೆ ನಿಂತಿದ್ದ. ಅಲ್ಲಿಂದ ಅಲುಗಿದ್ದರೆ ಬಹುಮಾನ ಸಿಗುತ್ತಿರಲಿಲ್ಲ.

"ಕರೇನ ಇವನೇ ಹಾಕಿರಬೋದಲ್ಲ, ನಮ್ಮ ದಾರಿ ತಪ್ಸೋಕೆ," ಎಂದ ಸಾರುವತಾರಿ. ಇನ್ನೂ ಗಾಡಿಯ ಮೇಲೇ ಕೂತಿದ್ದ.

"ತಾನು ಸುರಂಗದ ಕಡೆ ಹೋಗಿದ್ದಾಗ್ಲೇ ನುಕಗಾ ಬದುಕಿದ್ದ ಅಂತ ತೋರ್ಸಿ, ತನ್ನ ಕೊರಳಿಗೆ ತಾನೇ ಹಗ್ಗ ಹಾಕ್ಕೊಳ್ತಾನಾ? ಅದೂ ಅಲ್ದೆ ಉಮೆಜು ಈ ಮೇಳಕ್ಕೆ ಬರೋಕೆ ಶುರು ಮಾಡಿ ಐದೇ ವರ್ಷ. ಅವನು ಕೇಳಿರೋದು ಕುಂಟು ಕರೇನೇ. ನೀವೆಲ್ಲ ವಾರ ವಾರ ಕೇಳಿ ಕೇಳಿ, ನಿಮ್ಮ ಕೈಯೂ ಅಲ್ಲೇ ಎಡವ್ತದೆ. ನಿನ್ನೆ ಹಾಕಿದವರು ಅಪಘಾತಕ್ಕೆ ಮುಂಚೆ ಅವನ ಹತ್ರಾನೇ ಕಲಿತವರು. ಆಮೇಲೆ ಒಂದ್ಸಲಾನೂ ಅವನ ಕರೆ ಕೇಳದವರು."

ಅಪಘಾತಕ್ಕೆ ಒಂದು ವರ್ಷ ಮುಂಚೆ ಈ ಊರು ಬಿಟ್ಟು ಹೋದವರು ಯಾರು ಎಂಬುದು ನನಗೆ ಗೊತ್ತಿತ್ತು. ಬೆಳಿಗ್ಗೆ ನನ್ನ ಎರಡೂ ಕೈ ಹಿಡಿದುಕೊಂಡು, ಅಪ್ಪನನ್ನು ಕೊಂದವರನ್ನು ಹುಡುಕಿಕೊಡಿ ಎಂದು ಅತ್ತಿದ್ದಳು. ಮೊದಲ ಬಸ್ಸಿಗೆ ಬಂದೆ ಎಂದಿದ್ದಳು.

ಗುಡಾರದ ಪರದೆ ಸರಿಯಿತು.

ಹೊನಾಮಿಯನ್ನು ನಾನು ಓಮಿತ್ಸು ಅಜ್ಜಿಯ ಅಂಗಡಿಯಲ್ಲಿ ಕೂರಿಸಿ ಬಂದಿದ್ದೆ. ನನ್ನ ಮಾತು ಎಲ್ಲಿಂದ ಕೇಳಿಸಿಕೊಂಡಿದ್ದಳೋ, ಮುಖ ಸುಣ್ಣದಂತಿತ್ತು. ಅವಳ ಕಣ್ಣು ಮೊದಲು ಹೋದದ್ದು ಉಮೆಜುವಿನ ಕೈಗೆ. ಬೆರಳುಗಳು ಎತ್ತೆತ್ತಲೋ ತಿರುಗಿಕೊಂಡಿದ್ದವು.

"ಅಯ್ಯೋ," ಎಂದಳು. "ನನ್ನಿಂದ ಇದು."

"ಒಳಗೆ ಬರ್ಬೇಡಮ್ಮ," ಎಂದೆ.

ಬಂದಳು. ನೇರ ಅಪ್ಪನ ಗಾಡಿಯ ಹತ್ತಿರ ಹೋಗಿ ಟ್ಯಾಂಕಿನ ಮೇಲೆ ಕೈಯಿಟ್ಟಳು.

"ಕರೆ ಹಾಕಿದ್ದು ನಾನು. ಚಿಕ್ಕವಳಿದ್ದಾಗ ಅಪ್ಪ ಇದೇ ಟ್ಯಾಂಕ್ ಮೇಲೆ ಕೂರಿಸ್ಕೊಂಡು ಕಲಿಸಿದ್ದ. ಅಪ್ಪನ ಕೈ ಹೋಗಿದ್ದು ನಂಗೆ ಗೊತ್ತೇ ಇಲ್ಲ. ಯಾರೂ ಹೇಳ್ಲಿಲ್ಲ."

ದೈಗೊ ಹಲ್ಲು ಕಡಿದ. "ನೀನಾ? ಹೆತ್ತಪ್ಪನನ್ನ..."

"ಅಪ್ಪ ಬರ್ತಾನೆ ಅಂದ್ಕೊಂಡಿದ್ದೆ!" ಅವಳು ಚೀರಿದಳು. "ಶನಿವಾರಾನೇ ಬಂದೆ. ಅಪ್ಪ ನನ್ನ ನೋಡ್ಬೇಕು ಅಂತಿದಾನೆ, ಸುರಂಗದಲ್ಲಿ ಅವನ ಗಾಡಿ ಇರುತ್ತೆ, ಹಾಡು ನಿಂತ ತಕ್ಷಣ ಅವನ ಕರೆ ಹಾಕು, ಕೇಳಿ ಅವನೇ ಓಡಿ ಬರ್ತಾನೆ ಅಂದ್ರು. ಹಾಕಿದೆ. ಕತ್ತಲಾಗೋವರೆಗೂ ಕಾದೆ. ಅಪ್ಪ ಬರ್ಲೇ ಇಲ್ಲ. ಆಮೇಲೆ, ಸುರಂಗದಲ್ಲಿದ್ದೆ ಅಂತ ಬಾಯಿಬಿಟ್ರೆ ಪೊಲೀಸರು ನಿನ್ನನ್ನೇ ಹಿಡೀತಾರೆ, ಬೆಳಿಗ್ಗೆ ಬಂದೆ ಅನ್ನು ಅಂತಾನೂ ಅವರೇ ಹೇಳಿದ್ರು."

"ಯಾರು?" ಎಂದೆ. ಕೇಳುವ ಅಗತ್ಯವಿರಲಿಲ್ಲ. ಹಾಡು ತಾನಾಗಿ ನಿಲ್ಲುವುದಿಲ್ಲ. ವೀಡಿಯೊದಲ್ಲಿ ಮೈಕು ಹಿಡಿದವನು ಕೈಯೆತ್ತಿ ಅದನ್ನು ನಿಲ್ಲಿಸಿದ್ದ. ಅವನ ಕೈಯನ್ನು ಎರಡು ಸಲ ನೋಡಿಯೂ ನನ್ನ ಕಿವಿ ಬರೀ ಕರೆಯ ಮೇಲಿತ್ತು.

ಹೊನಾಮಿ ತಲೆಯೆತ್ತಿದಳು. ಗಾಡಿಯ ಮೇಲೆ ಕೂತಿದ್ದವನ ಮುಖ ಅವಳಿಂದ ಒಂದು ಮೊಳ ದೂರದಲ್ಲಿತ್ತು.

"ಸಾರುವತಾರಿ ಮಾಮ, ಅಪ್ಪ ಹೇಳಿಕಳ್ಸಿದಾನೆ ಅಂದ್ರಲ್ಲ. ಆಗ ಅಪ್ಪ ಬದುಕಿದ್ನಾ?"

ಹೊರಗೆ ಯಾರೋ ಬಹುಮಾನ ಗೆದ್ದರು. ಚಪ್ಪಾಳೆ ಕೇಳಿತು.

"ಹುಡುಗಿಗೆ ದುಃಖದಲ್ಲಿ ತಲೆ ಕೆಟ್ಟಿದೆ," ಎಂದ ಸಾರುವತಾರಿ. ದನಿ ಮೊದಲಿನಷ್ಟೇ ಮೆಲ್ಲಗಿತ್ತು.

ದೈಗೊ ಒಂದು ಹೆಜ್ಜೆ ಮುಂದೆ ಬಂದ. ಅವನಿಗೆ ಅರ್ಥವಾಗುವುದು ನಿಧಾನ, ಆದರೆ ಆದಾಗ ಪೂರ್ತಿ ಆಗುತ್ತದೆ. "ಅಣ್ಣ, ನಿನ್ನೆ ಮಧ್ಯಾಹ್ನ ಬ್ಯಾನರ್ ತರೋಕೆ ಹೋಗ್ತೀನಿ ಅಂದೆ. ಬ್ಯಾನರು ನನ್ನ ವ್ಯಾನಲ್ಲೇ ಇತ್ತು."

ಸರಪಳಿ ಅವನ ಹೆಗಲಿನಿಂದ ಯಾವಾಗ ಇಳಿಯಿತೋ ಕಾಣಲಿಲ್ಲ. ದೈಗೊನ ದವಡೆ ಪಕ್ಕಕ್ಕೆ ಜರುಗಿದ್ದು ಮಾತ್ರ ಕಂಡಿತು. ಗೂಳಿಯಂಥ ಮನುಷ್ಯ ಊದುಬತ್ತಿಯ ಬಟ್ಟಲಿನ ಮೇಲೆ ಮುಖ ಅಡಿಯಾಗಿ ಬಿದ್ದ. ತೋಕು ಸುತ್ತಿಗೆಗೆ ಕೈ ಚಾಚಿದ. ಎರಡನೇ ಏಟು ಅವನ ಕಣ್ಣಿನ ಮೇಲೆ ಕೂತಿತು, ಅವನು ಮುಖ ಮುಚ್ಚಿಕೊಂಡು ಸುತ್ತುತ್ತ ಬಿದ್ದ. ನಾನು ಸ್ಪ್ಯಾನರ್ ಎತ್ತುವಷ್ಟರಲ್ಲಿ ಸರಪಳಿ ಹೊನಾಮಿಯ ಕೊರಳು ಸುತ್ತಿತ್ತು. ಅವಳನ್ನು ಎಳೆದು ಟ್ಯಾಂಕಿನ ಮೇಲೆ ಅಡ್ಡಡ್ಡ ಕೆಡವಿಕೊಂಡಿದ್ದ. ಚಿಕ್ಕವಳಿದ್ದಾಗ ಅಪ್ಪ ಕೂರಿಸಿಕೊಳ್ಳುತ್ತಿದ್ದ ಜಾಗ ಅದು.

"ಹತ್ರ ಬಂದ್ರೆ ಕತ್ತು ಮುರೀತೀನಿ ಅಕ್ಕ."

"ಯಾಕೋ? ಮೂವತ್ತು ವರ್ಷ ಅವನ ಹಿಂದೆ ಓಡಿಸ್ದೋನು ನೀನು!"

"ಅದಕ್ಕೇ," ಎಂದ. "ಮೂವತ್ತು ವರ್ಷಾನೂ ಅವನ ಹಿಂದೇನೇ."

ಗಾಡಿ ಚಾಲೂ ಆಯಿತು. ತಾಡಪಾಲು ಹರಿದುಕೊಂಡು ಹೊರಗೆ ನುಗ್ಗಿತು.

ನಾನು ಕೂಗುತ್ತ ಓಡಿದೆ. ಹಿಡೀರಿ, ಕೊಲೆಗಾರ, ಹಿಡೀರಿ! ಮತ್ತೆ ಎದ್ದಿದ್ದ ಇಂಜಿನ್ನುಗಳ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಜನ ಕಂಡದ್ದು ಬಿಳಿ ಸೇವಂತಿಗೆ ಕಟ್ಟಿದ ನಾಯಕನ ಗಾಡಿಯನ್ನು, ಅದರ ಮೇಲೆ ಉಪನಾಯಕನನ್ನು, ಅವನ ಮುಂದೆ ಬಾಗಿದ್ದ ಮಗಳನ್ನು. ಸತ್ತವನಿಗೆ ಕೊನೆಯ ಮೆರವಣಿಗೆ ಎಂದುಕೊಂಡರು. ನೂರಾರು ಮಂದಿ ಟೋಪಿ ತೆಗೆದು, ತಲೆಬಾಗಿ, ಇಬ್ಭಾಗವಾಗಿ ದಾರಿ ಬಿಟ್ಟರು. ಒಬ್ಬ ಮುದುಕ ಅಳುತ್ತ ಕೈಮುಗಿದ. ಗಾಡಿ ದಾಟಿದ ಮೇಲೆ ಸಾಲು ಮತ್ತೆ ಕೂಡಿಕೊಂಡು ನನ್ನೆದುರು ಗೋಡೆಯಾಯಿತು.

ಹಿಂದಿನಿಂದ ಯಾರೋ ನನ್ನ ಭುಜಕ್ಕೆ ಗುದ್ದಿದರು. ಉಮೆಜು. ಎಡಗೈ ನೇತಾಡುತ್ತಿತ್ತು, ಬಲಗೈಯಲ್ಲಿ ಅವನ ಗಾಡಿಯ ಕೀಲಿಯಿತ್ತು.

"ಹೋಗಕ್ಕಾ! ಆ ಕೊನೇದು, ನೀಲಿ ಗಾಡಿ! ನಿಂತ್ಕೋಬೇಡ!"

ಒಂದೇ ಒದೆತಕ್ಕೆ ಚಾಲೂ ಮಾಡಿ, ಎರಡು ಪ್ರದರ್ಶನದ ಗಾಡಿಗಳನ್ನು ಕೆಡವಿ, ಬೈಗುಳ ತಿನ್ನುತ್ತ ಅಂಗಳದ ಅಂಚಿಗೆ ಬಂದೆ. ಅಲ್ಲಿ ರಸ್ತೆ ಎರಡಾಗುತ್ತದೆ. ಬಲಕ್ಕೆ ಹೋದರೆ ಹೆದ್ದಾರಿ, ಪಟ್ಟಣ, ತಪ್ಪಿಸಿಕೊಳ್ಳಲು ನೂರು ಗಲ್ಲಿ. ಹುಟ್ಟಿದಾಗಿನಿಂದ ಇದೇ ಬಂದರಿನಲ್ಲಿ ಗಾಡಿ ಓಡಿಸಿದ ಸಾರುವತಾರಿಗೆ ಅದು ಕಣ್ಣು ಮುಚ್ಚಿದರೂ ಗೊತ್ತು.

ಅವನು ಎಡಕ್ಕೆ ತಿರುಗಿದ್ದ.

ಸುರಂಗದ ಬಾಯಲ್ಲಿ ಹಿಂದಿನ ದೀಪ ಕೆಂಪಗೆ ಮಿನುಗಿ ಒಳಗೆ ಹೋಯಿತು. ಆಚೆ ಊರಿಲ್ಲ, ಸೇತುವೆಯಿಲ್ಲ. ಬರೀ ತಡೆಗೋಡೆಯಿದೆ, ಅದರ ತುದಿಯಲ್ಲಿ ಸಮುದ್ರ. ಕೊರಳಿಗೆ ಸರಪಳಿ ಸುತ್ತಿದ ಹುಡುಗಿಯನ್ನು ಟ್ಯಾಂಕಿನ ಮೇಲೆ ಹಾಕಿಕೊಂಡು, ಬ್ರೇಕು ಒಮ್ಮೆಯೂ ಮುಟ್ಟದೆ, ಅವನು ಆ ಕಡೆಗೇ ಹೋಗುತ್ತಿದ್ದ.